ಸಮಸ್ಯಾಪೂರಣ: ಕೆಸರಿನೊಳು ಬಿದ್ದವರು ಕೈತಟ್ಟಿ ನಕ್ಕರು

ಗೆಳೆಯರೇ, ಈ ವಾರದ ಸಮಸ್ಯೆ ಇದು:

ಕೆಸರಿನೊಳು ಬಿದ್ದವರು ಕೈತಟ್ಟಿ ನಕ್ಕರು

ಐದು ಮಾತ್ರೆಯ ಗಣಗಳು, ಸಾಲಿಗೆ ನಾಲ್ಕು. ಒಟ್ಟು ನಾಲ್ಕು ಸಾಲು. ಎರಡನೇ ಅಕ್ಷರಕ್ಕೆ 'ಸ' ಪ್ರಾಸ. ಕೊನೆಯ ಸಾಲು ನನ್ನದು, ಮೂರು ನಿಮ್ಮದು.

ವಸ್ತುವನ್ನೂ ನಾನೇ ಕೊಡುತ್ತೇನೆ. ಮೈಕೆಲ್ ಫ್ಲಾಂಡರ್ಸ್ ಮತ್ತು ಡೊನಾಲ್ಡ್ ಸ್ವಾನ್ ಎಂಬ ಇಂಗ್ಲಿಷ್ ಜೋಡಿಯ ತಮಾಷೆ ಹಾಡುಗಳು, ಅದಕ್ಕಿಂತ ಜಾಸ್ತಿ ಅವುಗಳನ್ನು ಕೇಳಿದ ಜನ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಫ್ಲಾಂಡರ್ಸ್‌ಗೆ 1943ರಲ್ಲಿ ಪೋಲಿಯೊ ಬಂತು. ಮುಂದೆಲ್ಲ ಗಾಲಿಕುರ್ಚಿಯಲ್ಲೇ ಕೂತು ಹಾಡಿದರು, ಮಾತಾಡಿದರು. ಸ್ವಾನ್ ಪಿಯಾನೊ ನುಡಿಸಿದರು. 1956ರ ಕೊನೆಯ ದಿನ ಲಂಡನ್ನಿನ ಒಂದು ಪುಟ್ಟ ರಂಗಮಂದಿರದಲ್ಲಿ ಶುರುವಾದ ಅವರ ಕಾರ್ಯಕ್ರಮ, ಮುಂದಿನ ತಿಂಗಳೇ ಫಾರ್ಚೂನ್ ಥಿಯೇಟರಿಗೆ ಹೋಯಿತು. ಅಲ್ಲಿ ಎರಡು ವರ್ಷಕ್ಕೂ ಮೀರಿ ನಡೆಯಿತು. ಸಭೆಯೆದುರು ಹಾಡಿದ್ದನ್ನೇ ಜಾರ್ಜ್ ಮಾರ್ಟಿನ್ ಧ್ವನಿಮುದ್ರಿಸಿದರು. ಹೌದು, ಮುಂದೆ ಬೀಟಲ್ಸ್ ಜೊತೆ ಕೆಲಸ ಮಾಡಿದರಲ್ಲ, ಅವರೇ. ಹಾಗಾಗಿ ಆ ಕಾಲದ ಜನರ ನಗು ಇವತ್ತಿಗೂ ಕಿವಿಗೆ ಬೀಳುತ್ತದೆ.

ಕೆಸರು ಎಲ್ಲಿಂದ ಬಂತು ಅಂತ ಕೇಳಬೇಡಿ. ಗೊತ್ತಿದ್ದವರು ಬರೆಯಲಿ.

ಧಾರವಾಡದಿಂದ

ಗೊತ್ತು ಸ್ವಾಮಿ. ನೀರಾನೆ ಹಾಡು. ಕೆಸರನ್ನು ಹೊಗಳುವ ಪಲ್ಲವಿಗೆ ಸಭೆಯೇ ದನಿಗೂಡಿಸುತ್ತದೆ. ಮುಂದೆ ಸ್ವಾನ್ ಅದನ್ನು ರಷ್ಯನ್ ಭಾಷೆಯಲ್ಲೂ ಹಾಡಿದರು.

ಹೆಸರಾಂತ ಜೋಡಿ ನೀರಾನೆ ಕತೆ ಹಾಡಿರಲು
ಉಸಿರು ಬಿಗಿ ಹಿಡಿದ ಗಂಭೀರರೂ ಪಲ್ಲವಿಗೆ
ಹೊಸ ಕೋಟು ಟೈ ಮರೆತು, ದನಿಗೂಡಿ, ಹಾಡಿನಾ
ಕೆಸರಿನೊಳು ಬಿದ್ದವರು ಕೈತಟ್ಟಿ ನಕ್ಕರು

ಸಮಸ್ಯೆ ಕೊಟ್ಟವನು

'ಹಾಡಿನಾ' ಅಂತ ಎಳೆದದ್ದು ಒಂದು ಮಾತ್ರೆ ಸಾಲದೆ, ಅಲ್ವಾ? ಬಿಡಿ, ಹಾಡಿನ ವಿಷಯವಾದ್ದರಿಂದ ರಾಗ ಎಳೆದಿದ್ದೀರಿ ಅಂದುಕೊಳ್ಳುತ್ತೇನೆ. ನನಗೆ ಹಿಡಿಸಿದ್ದು ಬೇರೆ. ಪದ್ಯವನ್ನು ಅವರು ಹಾಡುತ್ತಾರೆ, ಪಲ್ಲವಿಯನ್ನು ಜನ ತುಂಬುತ್ತಾರೆ. ನಾವು ಇಲ್ಲಿ ಮಾಡುವುದೂ ಅದೇ ಪೂರಣ. ಅವರಿಗೆ ಎರಡನೇ ಅಕ್ಷರದ ಪ್ರಾಸದ ಕಾಟ ಇರಲಿಲ್ಲ, ಅಷ್ಟೇ.

ಕುಂದಾಪುರದಿಂದ

ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೇಳಿ. ಲಂಡನ್ ಬಸ್ಸಿನ ಡ್ರೈವರ್, ಕಂಡಕ್ಟರ್ ಹಾಡು ನನಗಿಷ್ಟ. ಮೊದಲ ಸಾಲು: ಬಸ್ಸು ಕೆಂಪಾಗಿತ್ತು...

ಸಮಸ್ಯೆ ಕೊಟ್ಟವನು

ಅಲ್ಲೇ ನಿಲ್ಲಿಸಿ! 'ಕೆಸರು' ಲಘುವಿನಿಂದ ಶುರು, ಪ್ರಾಸ ಒಂಟಿ 'ಸ'. 'ಬಸ್ಸು' ಗುರುವಿನಿಂದ ಶುರು, ಪ್ರಾಸ 'ಸ್ಸ'. ಈ ಪದ್ಯದಲ್ಲಿ ಬಸ್ಸಿಗೆ ಸ್ಟಾಪ್ ಇಲ್ಲ.

ಬೆಂಗಳೂರಿನಿಂದ

ನನಗೆ ಗ್ಯಾಸಿನವನ ಹಾಡೇ ಬೇಕು. ಸೋಮವಾರ ಗ್ಯಾಸ್ ರಿಪೇರಿಗೆ ಒಬ್ಬ ಬರುತ್ತಾನೆ. ಅವನು ಕೆಡಿಸಿದ್ದನ್ನು ಸರಿಮಾಡಲು ಮಂಗಳವಾರ ಬಡಗಿ. ಬಡಗಿಯ ಮೊಳೆ ಕರೆಂಟಿನ ತಂತಿಗೆ. ಹೀಗೇ ವಾರವಿಡೀ. ಕೊನೆಗೆ ಪೇಂಟರ್ ಮಾಡಿದ ಕೆಲಸದಿಂದ ಸೋಮವಾರ ಮತ್ತೆ ಗ್ಯಾಸಿನವನೇ ಬರಬೇಕು. ಹೋದ ತಿಂಗಳು ನಮ್ಮ ಮನೆಯಲ್ಲಿ ಒಂದು ನಲ್ಲಿ ಸೋರಿ ಮೂರು ಗೋಡೆ ಒಡೆದರು. ಆ ಹಾಡಿಗೆ ಜನ ನಗುವುದು ಕೇಳಿದಾಗ, ಅದು ನೊಂದವರ ನಗು ಅಂತ ತಟ್ಟನೆ ಗೊತ್ತಾಗುತ್ತದೆ.

ಕಸ ತೆಗೆದವನ ಹಿಂದೆ ಕಸ ಚೆಲ್ಲುವವ ಬಂದ
ಹೊಸ ಮೊಳೆಯು ತಂತಿಯಲಿ, ಕಾಲು ಕಿಟಕಿಯ ಒಳಗೆ
ಹಸನಾದ ಮನೆಗೆ ಈ ಗತಿ ಬರಲು, ತಮ್ಮ ಮನೆ
ಕೆಸರಿನೊಳು ಬಿದ್ದವರು ಕೈತಟ್ಟಿ ನಕ್ಕರು

ಧಾರವಾಡದಿಂದ

'ತಮ್ಮ ಮನೆ ಕೆಸರು'! ನಾನು ಸೋತೆ.

ಮೈಸೂರಿನಿಂದ

ಎಲ್ಲರೂ ನಗುವಿನ ಹಿಂದೆಯೇ ಓಡಿದಿರಿ. ಈ ಜೋಡಿ ನಗಿಸಲೆಂದೇ ಬರೆಯದ ಹಾಡೂ ಒಂದಿದೆ. 1963ರಲ್ಲಿ ಬೀಚಿಂಗ್ ವರದಿ ಬಂತು. ಬ್ರಿಟನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೈಲು ನಿಲ್ದಾಣ ಮುಚ್ಚಿ ಅಂತ ಸಲಹೆ ಕೊಟ್ಟಿತು. ಇವರು ಮಾಡಿದ್ದು ಇಷ್ಟೇ: ಆ ಪುಟ್ಟ ಊರುಗಳ ಹೆಸರನ್ನು ಒಂದಾದ ಮೇಲೊಂದು ಮೆಲ್ಲಗೆ ಹಾಡಿದರು. ಬೈಗುಳ ಇಲ್ಲ, ಭಾಷಣ ಇಲ್ಲ. ನಗಲು ಬಂದು ಕೂತವರಿಗೆ ಆಗ ಹೇಗಾಗಿರಬೇಡ?

ಹಸಿರು ಬಾವುಟವಿಲ್ಲ, ರೈಲಿಲ್ಲ, ಜನರಿಲ್ಲ
ಉಸಿರು ನಿಂತಂತಾಯ್ತು ಸಭೆಯಲ್ಲಿ, ನಗೆಯಿಲ್ಲ
ಹೊಸಬರಲ್ಲಿವರಯ್ಯ, ಇವರೆ ಮುನ್ನೊಂದಿರುಳು
ಕೆಸರಿನೊಳು ಬಿದ್ದವರು ಕೈತಟ್ಟಿ ನಕ್ಕರು

ಸಮಸ್ಯೆ ಕೊಟ್ಟವನು

ಇದನ್ನು ನಾನು ಎಣಿಸಿರಲಿಲ್ಲ. ಸಮಸ್ಯೆಯಲ್ಲಿ 'ನಕ್ಕರು' ಅಂತಿದ್ದರೂ ನಗದ ಸಭೆಯನ್ನು ಕೂರಿಸಿದ್ದೀರಿ. 'ಮುನ್ನೊಂದಿರುಳು' ಎಂಬ ಒಂದೇ ಮಾತಿನ ಮೇಲೆ ಇಡೀ ಪದ್ಯ ನಿಂತಿದೆ. ನನ್ನ ಮಟ್ಟಿಗೆ ಈ ವಾರದ ಪೂರಣ ಇದೇ. ಗ್ಯಾಸಿನವರು ಬೇಜಾರು ಮಾಡಿಕೊಳ್ಳಬೇಡಿ.

ಬೆಂಗಳೂರಿನಿಂದ

ಬೇಜಾರಿಲ್ಲ. ನಾಳೆ ಪೇಂಟರ್ ಬರುತ್ತಾನೆ, ಆಗ ಮಾಡಿಕೊಳ್ಳುತ್ತೇನೆ.

ಕುಂದಾಪುರದಿಂದ

'ಬಸ್ಸು' ಅನ್ನದೇ ಬಸ್ಸು ತಂದಿದ್ದೇನೆ. ಈಗ ಹತ್ತಿಸಿಕೊಳ್ಳುತ್ತೀರಾ?

ಹೊಸ ಕೆಂಪು ವಾಹನದ ಚಾಲಕರ ಹಾಡಿನಲಿ
ಕಸಿದು ದಾರಿಯನೆಲ್ಲ, ಕಾರುಗಳ ತಡೆದಿರಲು
ಮುಸಲಧಾರೆಯೊಳವರ ಚಕ್ರ ಹಾರಿಸಿದಂಥ
ಕೆಸರಿನೊಳು ಬಿದ್ದವರು ಕೈತಟ್ಟಿ ನಕ್ಕರು

ಮಳೆ ನಾನು ಸೇರಿಸಿದ್ದು. ಲಂಡನ್ ಅಲ್ವಾ, ಯಾರೂ ತಕರಾರು ಮಾಡಲ್ಲ.