ಯಕ್ಷಗಾನ ರೆಕಾರ್ಡಿಂಗ್: ಸೆಕೆಂಡಿಗೊಂದು ಟಿಕ್, ಇಳಿದ ಶ್ರುತಿ, ಜಾರುವ ಸಿಂಕ್

ಮುಲುಂಡ್_ಮದ್ದಳೆ

ಮಾಟುಂಗಾದ ಸಭಾಂಗಣವೊಂದರಲ್ಲಿ ನಡೆದ ಯಕ್ಷಗಾನದ ಮಲ್ಟಿಟ್ರ್ಯಾಕ್ ಫೈಲುಗಳು ಮಿಕ್ಸಿಂಗ್‌ಗೆ ಬಂದಿವೆ. 8 ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್‌ಗೆ ಚೆಂಡೆ, ಮದ್ದಳೆ ಮತ್ತು ರಂಗಸ್ಥಳದ ಮೈಕುಗಳು. 8 ಚಾನೆಲ್‌ನ ಇನ್ನೊಂದು ಪ್ರೀಆಂಪ್‌ಗೆ ಭಾಗವತರ ಮೈಕು ಮತ್ತು ವೇಷಧಾರಿಗಳ ವೈರ್‌ಲೆಸ್. ಪ್ರೀಆಂಪ್‌ನಿಂದ ಇಂಟರ್‌ಫೇಸ್‌ಗೆ ಒಂದೇ ಒಂದು ಎಡಾಟ್ (ಎಂಟು ಚಾನೆಲ್ ಧ್ವನಿಯನ್ನು ಬೆಳಕಾಗಿ ಒಯ್ಯುವ) ಆಪ್ಟಿಕಲ್ ಕೇಬಲ್, ಅವೇ 9ರಿಂದ 16ನೇ ಚಾನೆಲ್‌ಗಳು. ಬಾಲ್ಕನಿಯಲ್ಲಿ ಪ್ರತ್ಯೇಕ ಹ್ಯಾಂಡಿ ರೆಕಾರ್ಡರ್. ಎಲ್ಲವೂ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಧ್ವನಿಯ ಅಳತೆಗಳು), 24 ಬಿಟ್ ಎಂದು ಹೇಳಿ ಕೊಟ್ಟಿದ್ದಾರೆ.

ಮೊದಲ ಗಂಟೆಯಲ್ಲಿ 9ರಿಂದ 16ನೇ ಚಾನೆಲ್‌ಗಳಲ್ಲಿ ಮಾತ್ರ ಹೆಚ್ಚುಕಡಿಮೆ ಸೆಕೆಂಡಿಗೊಂದು ಸಣ್ಣ ಟಿಕ್. ನಡುವಿನ ಬಿಡುವಿನಲ್ಲಿ ಇಂಟರ್‌ಫೇಸಿನ ಕ್ಲಾಕ್ ಸೋರ್ಸನ್ನು (ಸ್ಯಾಂಪಲ್ ತೆಗೆಯುವ ಗತಿ ಎಲ್ಲಿಂದ ಬರಬೇಕೆಂಬ ಆಯ್ಕೆಯನ್ನು) ಇಂಟರ್ನಲ್‌ನಿಂದ ಎಡಾಟ್‌ಗೆ ಬದಲಿಸಿ, ಹೊಸ ಪ್ರಾಜೆಕ್ಟ್ ತೆರೆದರಂತೆ. ಆಮೇಲೆ ಟಿಕ್ ಇಲ್ಲ. ಆದರೆ ಹಾರ್ಮೋನಿಯಂನ ಕಪ್ಪು ಎರಡರಲ್ಲಿದ್ದ ಶ್ರುತಿ ಇಳಿದಿದೆ, 16 ಚಾನೆಲ್ಲೂ ನಿಧಾನ. ಒಂದು ಗಂಟೆಯ ಭಾಗ 65 ನಿಮಿಷ ಚಿಲ್ಲರೆ ಓಡುತ್ತದೆ. ರೆಕಾರ್ಡರ್ ಫೈಲಿನ ಶ್ರುತಿ ಸರಿ ಇದೆ. ಆದರೆ ಅದನ್ನು ಚೆಂಡೆಯ ಮೊದಲ ಏಟಿಗೆ ಹೊಂದಿಸಿದರೆ, ಮೊದಲ ಗಂಟೆಯ ಕೊನೆಗೆ 105 ಮಿಲಿಸೆಕೆಂಡ್ ತಡವಾಗುತ್ತದೆ.

ಮುಂದಿನ ಸಲ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ) 128ರಿಂದ 1024ಕ್ಕೆ ಏರಿಸಿದರೆ ಸಾಕೇ? ಈಗ ಇದ್ದುದನ್ನು ಉಳಿಸುವುದು ಹೇಗೆ?

ಡೊಂಬಿವಲಿ_ಧ್ವನಿ

ಬಫರ್‌ಗೂ ಇದಕ್ಕೂ ಸಂಬಂಧ ಇಲ್ಲ ಮಾರಾಯ್ರೆ. ಬಫರ್ ಸಾಲದೆ ಬರುವ ಸದ್ದು ಲೆಕ್ಕವಿಲ್ಲದೆ ಬರುತ್ತದೆ, ಕಂಪ್ಯೂಟರಿಗೆ ಕೆಲಸ ಜಾಸ್ತಿಯಾದಾಗ ಹೆಚ್ಚುತ್ತದೆ, ಸಾಮಾನ್ಯವಾಗಿ ಎಲ್ಲ ಚಾನೆಲ್‌ಗಳಲ್ಲೂ ಕೇಳುತ್ತದೆ. ನಿಮ್ಮದು ತಾಳ ಹಾಕಿದಂತೆ ಬರುತ್ತಿದೆ, ಅದೂ ಆಪ್ಟಿಕಲ್‌ನಿಂದ ಬಂದ ಎಂಟರಲ್ಲಿ ಮಾತ್ರ. ಎರಡೂ ಪೆಟ್ಟಿಗೆಗಳು ಇಂಟರ್ನಲ್ ಕ್ಲಾಕ್‌ನಲ್ಲಿದ್ದವು, ಅಷ್ಟೆ. ಎರಡಕ್ಕೂ ಗತಿ ಕೊಡುವ ಕ್ರಿಸ್ಟಲ್‌ಗಳ ನಡುವೆ ಹತ್ತು ಲಕ್ಷಕ್ಕೆ 20 ಪಾಲು, ಅಂದರೆ 20 ಪಿಪಿಎಂ ವ್ಯತ್ಯಾಸ ಇದ್ದರೂ 48,000ಕ್ಕೆ ಸೆಕೆಂಡಿಗೆ 0.96 ಸ್ಯಾಂಪಲ್ ಆಯಿತು. ಇಂಟರ್‌ಫೇಸ್ ಆ ಒಂದು ಸ್ಯಾಂಪಲನ್ನು ಬಿಡುತ್ತದೆ ಅಥವಾ ಎರಡು ಸಲ ಓದುತ್ತದೆ. ಅದೇ ಟಿಕ್. ಚೆಂಡೆಯ ಅಬ್ಬರದಲ್ಲಿ ಅಡಗುತ್ತದೆ, ಭಾಗವತರು ಸ್ವರ ಹಿಡಿದು ನಿಂತಾಗ ಬಯಲಾಗುತ್ತದೆ.

ಎರಡನೇ ಭಾಗದಲ್ಲಿ ಕ್ಲಾಕ್ ಸರಿಯಾಯಿತು, ಹಣೆಪಟ್ಟಿ ತಪ್ಪಾಯಿತು. ಹೊಸ ಪ್ರಾಜೆಕ್ಟಿನ ಟೆಂಪ್ಲೇಟ್ 44.1ರಲ್ಲಿ ಇದ್ದಿರಬೇಕು. ಇಂಟರ್‌ಫೇಸ್ ಪ್ರೀಆಂಪ್‌ನ 48ರಂತೆ ಓಡಿದೆ, ಸಾಫ್ಟ್‌ವೇರ್ ಫೈಲಿನ ಮೇಲೆ 44.1 ಎಂದು ಬರೆದಿದೆ. 48 ಭಾಗಿಸು 44.1 ಅಂದರೆ 1.0884. 60 ನಿಮಿಷ 65 ನಿಮಿಷ 18 ಸೆಕೆಂಡ್ ಆಗುತ್ತದೆ, ಶ್ರುತಿ 1.47 ಮನೆ ಇಳಿಯುತ್ತದೆ. ಹಾರ್ಮೋನಿಯಂ ಇಟ್ಟು ನೋಡಿ: ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ, ಯಾವ ಮನೆಗೂ ಸೇರದೆ ನಿಂತಿರುತ್ತದೆ.

ಇದಕ್ಕೆ ಟೈಮ್ ಸ್ಟ್ರೆಚ್, ಪಿಚ್ ಶಿಫ್ಟ್ ಯಾವುದೂ ಬೇಡ. ಫೈಲುಗಳ ಪ್ರತಿ ಮಾಡಿಕೊಂಡು ಆಡಾಸಿಟಿಯಲ್ಲಿ ತೆರೆಯಿರಿ. ಟ್ರ್ಯಾಕ್ ಹೆಸರಿನ ಮೆನುವಿನಲ್ಲಿ ‘ರೇಟ್’ 48000 ಮಾಡಿ, 48000ಕ್ಕೇ 24 ಬಿಟ್ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ. ‘ರೀಸ್ಯಾಂಪಲ್’ ಎಂಬ ಇನ್ನೊಂದು ಆಯ್ಕೆ ಇದೆ, ಅದನ್ನು ಒತ್ತಬೇಡಿ. ಅದು ತಪ್ಪು ಶ್ರುತಿಯನ್ನೇ ನಿಷ್ಠೆಯಿಂದ 48ಕ್ಕೆ ಪರಿವರ್ತಿಸಿ ಕೊಡುತ್ತದೆ. 65:18 ಇದ್ದದ್ದು 60:00ಕ್ಕೆ ಬಂದರೆ ಮುಗಿಯಿತು.

ಟಿಕ್‌ಗಳಿಗೆ ಡಿಕ್ಲಿಕ್ (ಟಿಕ್ ಅಳಿಸುವ ಸಾಧನ). ಒಂದೇ ಆಪ್ಟಿಕಲ್‌ನಿಂದ ಬಂದದ್ದರಿಂದ ಎಂಟೂ ಟ್ರ್ಯಾಕ್‌ಗಳಲ್ಲಿ ಟಿಕ್ ಒಂದೇ ಜಾಗದಲ್ಲಿ ಇರುತ್ತದೆ. ತೀರಾ ಸದ್ದಿಲ್ಲದ ಟ್ರ್ಯಾಕ್‌ನಲ್ಲಿ ಜಾಗಗಳನ್ನು ಗುರುತಿಸಿಕೊಂಡು, ಉಳಿದವುಗಳಲ್ಲಿ ಅಲ್ಲಿ ಮಾತ್ರ ಕೈಯಾಡಿಸಿ. ಇಡೀ ಟ್ರ್ಯಾಕಿಗೆ ಡಿಕ್ಲಿಕ್ ಹಚ್ಚಿದರೆ ಮೈಕಿಗೆ ಸೋರಿ ಬಂದ ಚೆಂಡೆಯ ಅಂಚೂ ಹೋಗುತ್ತದೆ.

ಕೊಥ್ರುಡ್_ಕಿವಿ

ಬಾಲ್ಕನಿ ರೆಕಾರ್ಡರ್ ಬಗ್ಗೆ. 3600 ಸೆಕೆಂಡಿಗೆ 105 ಮಿಲಿಸೆಕೆಂಡ್ ಅಂದರೆ ಸುಮಾರು 29 ಪಿಪಿಎಂ. ಸಾಧಾರಣ ಕ್ರಿಸ್ಟಲ್‌ಗಳಲ್ಲಿ ಇಷ್ಟು ಇರುವುದೇ, ರೆಕಾರ್ಡರ್ ಕೆಟ್ಟಿಲ್ಲ. ರೀಪರ್ ಸಾಫ್ಟ್‌ವೇರ್‌ನಲ್ಲಿ ಐಟಂ ಪ್ರಾಪರ್ಟೀಸ್ ತೆರೆದು, ಪ್ಲೇಬ್ಯಾಕ್ ರೇಟ್ ಬದಲಿಸುವಾಗ ಶ್ರುತಿ ಉಳಿಸುವ ಟಿಕ್ ಗುರುತನ್ನು ತೆಗೆಯಿರಿ. ಆಮೇಲೆ ಆಲ್ಟ್ ಒತ್ತಿಕೊಂಡು ಐಟಂನ ಬಲ ಅಂಚನ್ನು ಎಳೆದು ಚೆಂಡೆಯ ಕೊನೆಯ ಏಟಿಗೆ ಕೂರಿಸಿ. ಶ್ರುತಿ ಬದಲಾಗುವುದು ಒಂದು ಸೆಂಟಿನ (ಒಂದು ಮನೆಯ ನೂರನೇ ಪಾಲಿನ) ಇಪ್ಪತ್ತನೇ ಒಂದು ಪಾಲು, ಯಾವ ಭಾಗವತರಿಗೂ ಗೊತ್ತಾಗದು. ಶ್ರುತಿ ಉಳಿಸುವ ಆಯ್ಕೆ ಹಾಗೇ ಇದ್ದರೆ ಸ್ಟ್ರೆಚ್ ಅಲ್ಗಾರಿದಂ ಪ್ರತಿ ಪೆಟ್ಟನ್ನೂ ಮಸುಕು ಮಾಡುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಮೊದಲ ಗಂಟೆಯ 29 ಪಿಪಿಎಂ ಅನ್ನು ಎರಡನೇ ಭಾಗಕ್ಕೆ ಹಾಕಬೇಡಿ. ಅಲ್ಲಿ ಮಾಸ್ಟರ್ (ಗತಿ ಕೊಡುವ ಪೆಟ್ಟಿಗೆ) ಇಂಟರ್‌ಫೇಸ್ ಅಲ್ಲ, ಪ್ರೀಆಂಪ್. ಟಿಕ್‌ನ ಲೆಕ್ಕದಂತೆ ಇವೆರಡರ ನಡುವೆ 20 ಪಿಪಿಎಂ ಇದ್ದರೆ, ಎರಡನೇ ಭಾಗದ ಜಾರುವಿಕೆ ಗಂಟೆಗೆ 30 ಮಿಲಿಸೆಕೆಂಡಿನ ಹತ್ತಿರವೋ 180ರ ಹತ್ತಿರವೋ ಬರಬೇಕು. ಮೊದಲು ಹಣೆಪಟ್ಟಿ ಸರಿಪಡಿಸಿ, ನಂತರ ಹೊಸದಾಗಿ ಅಳೆಯಿರಿ. 20 ಮೀಟರ್ ದೂರದಿಂದ ಬಾಲ್ಕನಿಗೆ ಸದ್ದು ಬರಲು ಬೇಕಾದ 58 ಮಿಲಿಸೆಕೆಂಡ್ ಬೇರೆ ವಿಷಯ, ಅದು ಉದ್ದಕ್ಕೂ ಅಷ್ಟೇ ಇರುತ್ತದೆ.

ಗ್ರ್ಯಾಂಟ್‌ರೋಡ್_ಗಡಿಯಾರ

ಮುಂದಿನ ಸಲಕ್ಕೆ: ಎಡಾಟ್ ಕಳಿಸುವ ಪೆಟ್ಟಿಗೆ ಇಂಟರ್ನಲ್, ಪಡೆಯುವ ಪೆಟ್ಟಿಗೆ ಎಡಾಟ್. ಯಾವಾಗಲೂ ಇದೇ ಸರಿ.

ಡೊಂಬಿವಲಿ_ಧ್ವನಿ

ಯಾವಾಗಲೂ ಅಲ್ಲ. ಪ್ರೀಆಂಪ್‌ಗೆ ಕ್ಲಾಕ್ ಒಳಗೆ ಬರುವ ದಾರಿ ಇಲ್ಲದಿದ್ದರೆ ಮಾತ್ರ ಬೇರೆ ಗತಿ ಇಲ್ಲ. ವರ್ಡ್ ಕ್ಲಾಕ್ ಇನ್ (ಕ್ಲಾಕ್ ಸಿಗ್ನಲ್ ಮಾತ್ರ ಪಡೆಯುವ ಕಿಂಡಿ) ಅಥವಾ ಎಡಾಟ್ ಇನ್ ಇದ್ದರೆ, ಕಂಪ್ಯೂಟರಿಗೆ ಸೇರಿದ ಇಂಟರ್‌ಫೇಸನ್ನೇ ಮಾಸ್ಟರ್ ಮಾಡುವುದು ಲೇಸು. ಸಾಫ್ಟ್‌ವೇರ್ ಕೇಳಿದ ರೇಟ್‌ಗೆ ಇಂಟರ್‌ಫೇಸ್ ತಿರುಗುತ್ತದೆ, ಪ್ರೀಆಂಪ್ ಹಿಂಬಾಲಿಸುತ್ತದೆ. ಹಣೆಪಟ್ಟಿ ತಪ್ಪುವ ಪ್ರಸಂಗವೇ ಬರುವುದಿಲ್ಲ.

ಮುಲುಂಡ್_ಮದ್ದಳೆ

ಪ್ರೀಆಂಪ್‌ನ ಹಿಂದೆ ವರ್ಡ್ ಕ್ಲಾಕ್ ಇನ್ ಇದೆ, ಇಂಟರ್‌ಫೇಸ್‌ನಲ್ಲಿ ಔಟ್ ಇದೆ. ಕೇಬಲ್ ಯಾವುದು? ಪ್ರತ್ಯೇಕ ಮಾಸ್ಟರ್ ಕ್ಲಾಕ್ ತೆಗೆದುಕೊಳ್ಳಿ ಎಂದೂ ಒಬ್ಬರು ಹೇಳಿದರು.

ಗ್ರ್ಯಾಂಟ್‌ರೋಡ್_ಗಡಿಯಾರ

ಒಪ್ಪಿದೆ, ವರ್ಡ್ ಕ್ಲಾಕ್ ಇದ್ದರೆ ಇಂಟರ್‌ಫೇಸೇ ಮಾಸ್ಟರ್ ಆಗಲಿ. ಎರಡು ಪೆಟ್ಟಿಗೆಗೆ ಪ್ರತ್ಯೇಕ ಕ್ಲಾಕ್ ದುಡ್ಡು ದಂಡ. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಎರಡೂ ತುದಿಗೆ ಬಿಎನ್‌ಸಿ ಕನೆಕ್ಟರ್ ಹಾಕಿದ 75 ಓಮ್ ಆರ್‌ಜಿ 59 ಕೇಳಿ, 1 ಮೀಟರ್ ಸಾಕು. ಹಳೆಯ ನೆಟ್‌ವರ್ಕ್‌ನ ಆರ್‌ಜಿ 58 ನೋಡಲು ಹಾಗೇ ಇರುತ್ತದೆ, ಆದರೆ 50 ಓಮ್. ಕೇಬಲ್ ಮೈಮೇಲಿನ ಅಕ್ಷರ ಓದಿಯೇ ದುಡ್ಡು ಕೊಡಿ. ಪ್ರೀಆಂಪ್‌ನಲ್ಲಿ 75 ಓಮ್ ಟರ್ಮಿನೇಷನ್ (ಕೇಬಲ್ ತುದಿಯಿಂದ ಸಿಗ್ನಲ್ ಹಿಂದಕ್ಕೆ ಮರಳದಂತೆ ತಡೆಯುವ ರೋಧ) ಸ್ವಿಚ್ ಇದ್ದರೆ ಆನ್ ಮಾಡಿ. ಟರ್ಮಿನೇಷನ್ ಒಳಗೇ ಇದ್ದರೆ ಹೊರಗೆ ಇನ್ನೊಂದು ಸಿಕ್ಕಿಸಬೇಡಿ, ಸಿಗ್ನಲ್ ಕುಗ್ಗಿ ಲಾಕ್ ತಪ್ಪುತ್ತದೆ. ಆಪ್ಟಿಕಲ್ ಕೇಬಲ್ ಹಾಗೇ ಇರಲಿ, ಧ್ವನಿ ಬರುವುದು ಅದರಲ್ಲೇ.

96 ಕಿಲೋಹರ್ಟ್ಸ್‌ಗೆ ಹೋಗುವ ಆಸೆ ಇದ್ದರೆ ನೆನಪಿಡಿ, ಒಂದು ಆಪ್ಟಿಕಲ್‌ನಲ್ಲಿ ಆಗ 4 ಚಾನೆಲ್ ಮಾತ್ರ. ವಿಡಿಯೋ ಜೊತೆಗಿರುವ ಕೆಲಸಕ್ಕೆ 48 ಬಿಟ್ಟು ಕದಲಬೇಡಿ.

ಕೊಥ್ರುಡ್_ಕಿವಿ

ಆಟ ಶುರುವಾಗುವ ಮೊದಲೇ ಪರೀಕ್ಷೆ ಮಾಡಿ. ಶ್ರುತಿಪೆಟ್ಟಿಗೆಯ ಔಟ್‌ಪುಟನ್ನು ವೈ ಕೇಬಲ್‌ನಿಂದ 1ಕ್ಕೂ 9ಕ್ಕೂ ಕೊಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿ. ಎರಡರ ಲೆವೆಲ್ ಸಮ ಮಾಡಿ, ಒಂದರ ಪೊಲಾರಿಟಿ (ಅಲೆಯ ಮೇಲು-ಕೆಳಗು) ತಿರುಗಿಸಿ ಕೂಡಿಸಿ. ಎರಡು ಕನ್ವರ್ಟರ್‌ಗಳ ತಡ ಕೆಲವು ಸ್ಯಾಂಪಲ್ ಹೆಚ್ಚುಕಡಿಮೆ ಇರುವುದರಿಂದ ಪೂರ್ತಿ ಮೌನ ಸಿಗದು, ಆದರೆ ಉಳಿದ ಸದ್ದು ಒಂದೇ ಸಮ ಇರಬೇಕು. ಅದರೊಳಗೆ ಟಿಕ್ ಕೇಳಿದರೆ ಲಾಕ್ ಆಗಿಲ್ಲ. ಕೊನೆಗೆ ಫೈಲಿನ ಉದ್ದವನ್ನು ಮೊಬೈಲಿನ ಸ್ಟಾಪ್‌ವಾಚ್‌ಗೆ ಹೋಲಿಸಿ. ರೇಟ್ ತಪ್ಪಿದ್ದರೆ ಹತ್ತು ನಿಮಿಷಕ್ಕೇ 53 ಸೆಕೆಂಡ್ ಹೆಚ್ಚು ತೋರಿಸುತ್ತದೆ.