‘ತಾತ್ಕಾಲಿಕ ಕೆಲಸದ ವೀಸಾ’: ಇಲ್ಲಿ ತಾತ್ಕಾಲಿಕವಾದದ್ದು ಯಾವುದು?

ಮಿತ್ರರಿಗೆ ನಮಸ್ಕಾರ.

ಅಮೆರಿಕದ ಎಚ್‌-1ಬಿ ವೀಸಾ ಕುರಿತ ವಾದವಿವಾದಗಳನ್ನು ವಿವರಿಸುವ ದೀರ್ಘ ಲೇಖನವೊಂದನ್ನು ಕನ್ನಡಕ್ಕೆ ತರುವ ಕೆಲಸ ಕಳೆದ ತಿಂಗಳು ನನ್ನ ಪಾಲಿಗೆ ಬಂತು, ಮತ್ತು ಮೊದಲ ವಾಕ್ಯದಲ್ಲೇ ಸಿಕ್ಕಿಹಾಕಿಕೊಂಡೆ. ಹೊರದೇಶದ ಪರಿಣತರಿಗೆ ಕೊಡುವ ಈ ಪರವಾನಗಿಯನ್ನು ‘ತಾತ್ಕಾಲಿಕ ಕೆಲಸದ ವೀಸಾ’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಈ ಪದಪುಂಜದಲ್ಲಿ ‘ತಾತ್ಕಾಲಿಕ’ ಯಾವುದಕ್ಕೆ ವಿಶೇಷಣ? ಕೆಲಸಕ್ಕೋ, ಕೆಲಸಗಾರನಿಗೋ, ವೀಸಾಕ್ಕೋ? ಕನ್ನಡ ಕಿವಿಗೆ ಅದು ಪಕ್ಕದಲ್ಲಿರುವ ‘ಕೆಲಸ’ಕ್ಕೇ ಅಂಟಿಕೊಂಡಂತೆ ಕೇಳುತ್ತದೆ. ಕಾಯ್ದೆ ಹೇಳುವುದು ಮಾತ್ರ ಅದನ್ನಲ್ಲ.

ಇದು ಬರಿಯ ವ್ಯಾಕರಣದ ತಕರಾರಲ್ಲ. 1952ರ ಅಮೆರಿಕದ ವಲಸೆ ಮತ್ತು ಪೌರತ್ವ ಕಾಯ್ದೆಯಲ್ಲಿ ಎಚ್‌-1 ವರ್ಗವನ್ನು ವ್ಯಾಖ್ಯಾನಿಸುವಾಗ ‘ತಾತ್ಕಾಲಿಕ’ವನ್ನು ಎರಡು ಕಡೆ ಬಳಸಲಾಗಿತ್ತು: ಬರುವವನು ತಾತ್ಕಾಲಿಕವಾಗಿ ಬರಬೇಕು, ಬಂದು ಮಾಡುವ ಸೇವೆಯೂ ತಾತ್ಕಾಲಿಕವಾಗಿರಬೇಕು, ಜೊತೆಗೆ, ಬಿಟ್ಟುಬಿಡುವ ಉದ್ದೇಶವಿಲ್ಲದ ಮನೆಯೊಂದು ಅವನಿಗೆ ಸ್ವದೇಶದಲ್ಲಿ ಇರಬೇಕು. 1970ರ ತಿದ್ದುಪಡಿ ಸೇವೆಗೆ ಅಂಟಿದ್ದ ವಿಶೇಷಣವನ್ನು ಕಿತ್ತುಹಾಕಿತು. 1990ರ ಕಾಯ್ದೆಯು ಎಚ್‌-1ಬಿ ವರ್ಗಕ್ಕೆ ಇಂದಿನ ರೂಪ ಕೊಟ್ಟು, ವರ್ಷಕ್ಕೆ 65,000ದ ಮಿತಿ ಹಾಕಿ, ಸ್ವದೇಶದ ಮನೆಯ ಷರತ್ತನ್ನೂ ಕೈಬಿಟ್ಟಿತು. ಈಗ ಉಳಿದಿರುವುದು ಒಂದೇ ಒಂದು ಕ್ರಿಯಾವಿಶೇಷಣ, ‘ತಾತ್ಕಾಲಿಕವಾಗಿ ಬರುವ’ ಎಂಬುದು. ಕೆಲಸವೇ ತಾತ್ಕಾಲಿಕವಾಗಿರಬೇಕೆಂಬ ನಿಯಮ ಅನ್ವಯಿಸುವುದು ಹೊಲದ ಕೊಯ್ಲಿಗೂ ಋತುಮಾನದ ಹೋಟೆಲು ಕೆಲಸಕ್ಕೂ ಕರೆಸಿಕೊಳ್ಳುವ ಎಚ್‌-2 ವರ್ಗಕ್ಕೆ. ಹೀಗಾಗಿ ‘ತಾತ್ಕಾಲಿಕ ಕೆಲಸದ ವೀಸಾ’ ಎಂದು ಬರೆದಾಗ ನಾವು ಎಚ್‌-1ಬಿಯ ಹೆಸರಿನಲ್ಲಿ ಎಚ್‌-2ರ ಲಕ್ಷಣವನ್ನು ಹೇಳಿದಂತಾಗುತ್ತದೆ.

ಉಳಿದ ಆ ಕ್ರಿಯಾವಿಶೇಷಣವಾದರೂ ಗಟ್ಟಿಯಾಗಿದೆಯೇ? ಮೊದಲು ಮೂರು ವರ್ಷ, ವಿಸ್ತರಣೆಯೊಂದಿಗೆ ಆರು ವರ್ಷ ಎಂಬುದು ಲೆಕ್ಕ. ಆದರೆ 2000ದ ಕಾಯ್ದೆಯ ಪ್ರಕಾರ, ಕಾಯಂ ವಾಸದ ಅರ್ಜಿ ಮುಂದುವರಿದಿದ್ದು ಸರದಿಯಲ್ಲಿ ನಿಂತವರು ಆರು ವರ್ಷ ದಾಟಿಯೂ ವೀಸಾ ವಿಸ್ತರಿಸಿಕೊಳ್ಳಬಹುದು. ಯಾವುದೇ ಒಂದು ದೇಶದವರಿಗೆ ಕಾಯಂ ವಾಸದ ಪರವಾನಗಿಯಾದ ಗ್ರೀನ್‌ ಕಾರ್ಡುಗಳ ವಾರ್ಷಿಕ ಮಿತಿಯಲ್ಲಿ ಶೇ 7ಕ್ಕಿಂತ ಹೆಚ್ಚು ಸಲ್ಲದೆಂಬ ನಿಯಮದಿಂದಾಗಿ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿದೆ. ನನ್ನ ಅಣ್ಣನ ಮಗ ಅಲ್ಲಿಗೆ ಹೋದದ್ದು 2011ರಲ್ಲಿ. ವಿಸ್ತರಣೆ ಮಂಜೂರಾದಾಗ ಬರುವ ಕಾಗದದ ಕೆಳತುದಿಯಲ್ಲಿ ಕತ್ತರಿಸಿ ಇಟ್ಟುಕೊಳ್ಳಬೇಕಾದ ಒಂದು ಚೀಟಿ ಇರುತ್ತದೆ. ದೇಶದೊಳಗೆ ಎಂದಿನವರೆಗೆ ಇರಬಹುದೆಂಬ ದಿನಾಂಕ ಅದರಲ್ಲಿ ಅಚ್ಚಾಗಿರುತ್ತದೆ. ವಿಡಿಯೊ ಕರೆಯಲ್ಲಿ ಅವನು ಅಂಥ ಐದನೆಯ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ. ನನ್ನ ಅನುವಾದದ ಕಷ್ಟವನ್ನು ಹೇಳಿಕೊಂಡಾಗ ಅವನು ಹೇಳಿದ್ದು: ‘ಟೆಂಪರರಿ ಅಂತ ಹೇಗೆ ಬರೀತೀರಾ ಚಿಕ್ಕಪ್ಪಾ, ಮಗಳು ಹೈಸ್ಕೂಲಿಗೆ ಬಂದ್ಲು. ಪರ್ಮನೆಂಟ್‌ ಅಂತಾನೂ ಬರೆಯೋ ಹಾಗಿಲ್ಲ, ಡೇಟ್‌ ಇನ್ನೂ ಕರೆಂಟ್‌ ಆಗಿಲ್ಲ.’ ಅಲ್ಲಿಯ ನಮ್ಮವರ ಬಾಯಲ್ಲಿ ‘ಡೇಟ್‌ ಕರೆಂಟ್‌ ಆಗುವುದು’ (ಗ್ರೀನ್‌ ಕಾರ್ಡಿನ ಸರದಿ ಬರುವುದು), ‘ಲಾಟರಿಯಲ್ಲಿ ಪಿಕ್‌ ಆಗುವುದು’ (ಮಿತಿಗಿಂತ ಹೆಚ್ಚು ಅರ್ಜಿಗಳಿದ್ದಾಗ ನಡೆಯುವ ವೀಸಾ ಲಾಟರಿಯಲ್ಲಿ ಆಯ್ಕೆಯಾಗುವುದು), ‘ಸ್ಟಾಂಪಿಂಗ್‌ಗೆ ಚೆನ್ನೈಗೆ ಬರುವುದು’ (ಪಾಸ್‌ಪೋರ್ಟಿಗೆ ವೀಸಾ ಹಾಕಿಸಲು ಅಲ್ಲಿಯ ಅಮೆರಿಕದ ದೂತಾವಾಸಕ್ಕೆ ಬರುವುದು) ಇವೆಲ್ಲ ಕನ್ನಡ ನುಡಿಗಟ್ಟುಗಳೇ ಆಗಿಬಿಟ್ಟಿವೆ. ‘ಎಚ್‌ ಒನ್‌ ಮೇಲೆ ಇದಾನೆ’ ಎನ್ನುವಲ್ಲಿನ ‘ಮೇಲೆ’ಯಂತೂ ‘ಜಾಮೀನಿನ ಮೇಲೆ ಇದ್ದಾನೆ’ ಎನ್ನುವುದನ್ನು ನೆನಪಿಸುತ್ತದೆ.

ಹಾಗಾದರೆ ಈ ವ್ಯಕ್ತಿಯನ್ನು ಏನೆಂದು ಕರೆಯೋಣ? ಕಾಯ್ದೆಯ ಭಾಷೆಯಲ್ಲಿ ಅವನು ‘ವಲಸಿಗನಲ್ಲದವನು’. ಆದ್ದರಿಂದ ಅನುವಾದದಲ್ಲಿ ‘ವಲಸಿಗ’ ಎಂದೊಡನೆ ಅದು ತಪ್ಪಾಗುತ್ತದೆ, ಸಾಲದ್ದಕ್ಕೆ ‘ಈ ಜನ ಉಳಿದುಕೊಳ್ಳಲೆಂದೇ ಬಂದವರು’ ಎನ್ನುವ ಪಕ್ಷದ ವಾದವನ್ನು ಒಪ್ಪಿಕೊಂಡಂತೆಯೂ ಆಗುತ್ತದೆ. ಅವಧಿಗೆಂದು ದುಡಿಯಲು ಹೋಗಿ ಮರಳುವುದಕ್ಕೆ ಕನ್ನಡದಲ್ಲಿ ‘ಗುಳೆ’ ಎಂಬ ಸೊಗಸಾದ ಮಾತಿದೆ. ಆದರೆ ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯಿಂದ ಮಳೆಯಿಲ್ಲದ ವರ್ಷ ಮನೆಗೆ ಬೀಗ ಹಾಕಿಕೊಂಡು ಬಸ್ಸು ಹತ್ತುವವರ ಕಷ್ಟ ಆ ಪದದಲ್ಲಿ ತುಂಬಿರುವುದರಿಂದ, ಅದನ್ನು ಇಲ್ಲಿಗೆ ಎಳೆದು ತರಲು ನನಗೆ ಮನಸ್ಸಾಗುವುದಿಲ್ಲ. ‘ಹಂಗಾಮಿ’ ಎಂದರೆ ಸರ್ಕಾರಿ ಕಚೇರಿಯ ವಾಸನೆ.

‘ಅತಿಥಿ ಕಾರ್ಮಿಕ’ ಎಂಬುದನ್ನು ಕೆಲವರು ಸೂಚಿಸಿದರು. ಜರ್ಮನ್‌ ಭಾಷೆಯ ‘ಗಾಸ್ಟ್‌ಆರ್ಬೈಟರ್‌’ ಪದದ ಅರ್ಥವೂ ಇದೇ. ಪಶ್ಚಿಮ ಜರ್ಮನಿಯು 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕರೆಸಿಕೊಂಡ ಅತಿಥಿಗಳಲ್ಲಿ ಬಹಳಷ್ಟು ಮಂದಿ, 1973ರಲ್ಲಿ ನೇಮಕ ನಿಂತ ಮೇಲೂ ಅಲ್ಲೇ ಉಳಿದು ಸಂಸಾರವನ್ನೂ ಕರೆಸಿಕೊಂಡರು. ಕೇರಳ ಸರ್ಕಾರ ಹೊರರಾಜ್ಯಗಳ ಕಾರ್ಮಿಕರನ್ನು ಈಗ ‘ಅತಿಥಿ ತೊಳಿಲಾಳಿ’ ಎನ್ನುತ್ತದೆ. ನಮ್ಮಲ್ಲೂ ‘ಅತಿಥಿ ಉಪನ್ಯಾಸಕ’ರಿದ್ದಾರೆ, ವರ್ಷಗಟ್ಟಲೆ ಅದೇ ಕಾಲೇಜಿನಲ್ಲಿ ಪಾಠ ಹೇಳಿ, ಸೇವಾ ಭದ್ರತೆಗಾಗಿ ಧರಣಿ ಕೂರುವವರನ್ನು ಅತಿಥಿ ಎನ್ನುವುದರಲ್ಲಿ ಎಷ್ಟು ಆತಿಥ್ಯವಿದೆಯೆಂಬುದು ನಮಗೆ ಗೊತ್ತೇ ಇದೆ. ಇದೆಲ್ಲಕ್ಕಿಂತ ನನ್ನನ್ನು ತಡೆದದ್ದು ಪದದ ನಿರುಕ್ತಿ. ಬರುವ ತಿಥಿ ಗೊತ್ತಿಲ್ಲದವನು ಅತಿಥಿ. ಈ ವೀಸಾದವನಿಗಾದರೋ ಎಲ್ಲವೂ ತಿಥಿಯೇ: ಮಾರ್ಚ್‌ನಲ್ಲಿ ನೋಂದಣಿ, ಆಮೇಲೆ ಲಾಟರಿ, ಅಕ್ಟೋಬರ್‌ 1ಕ್ಕೆ ಕೆಲಸ ಶುರು, ಕೆಲಸ ಹೋದರೆ ಹೆಚ್ಚೆಂದರೆ 60 ದಿನ.

ಈ ವೀಸಾದ ವಿರೋಧಿಗಳ ವಾದವನ್ನು ಅನುವಾದಿಸುವಾಗ ‘ಎರವಲು ನೌಕರ’ ಎಂಬುದು ತಾನಾಗಿಯೇ ಬಂತು. ನಮ್ಮ ಸರ್ಕಾರಿ ಕನ್ನಡದಲ್ಲಿ ಒಂದು ಇಲಾಖೆಯವರು ಇನ್ನೊಂದರಲ್ಲಿ ದುಡಿಯುವುದಕ್ಕೆ ‘ಎರವಲು ಸೇವೆ’ ಎಂಬ ಮಾತಿದೆ. ಹೊರಗುತ್ತಿಗೆ ಕಂಪನಿ ತನ್ನ ನೌಕರನನ್ನು ಗಿರಾಕಿ ಕಂಪನಿಯಲ್ಲಿ ಕೂರಿಸುವುದಕ್ಕೆ ಇದು ಸರಿಯಾಗಿ ಒಪ್ಪುತ್ತದೆ. ಫ್ಲಾರಿಡಾದ ಡಿಸ್ನಿಯಲ್ಲಿ ಸುಮಾರು 250 ಮಂದಿ ತಂತ್ರಜ್ಞರು 2015ರ ಆರಂಭದಲ್ಲಿ ಕೆಲಸ ಕಳೆದುಕೊಂಡಾಗ, ಹೋಗುವ ಮುನ್ನ ತಮ್ಮ ಜಾಗಕ್ಕೆ ಬಂದ ಇಂಥವರಿಗೆ ತಾವೇ ಕೆಲಸ ಕಲಿಸಿಕೊಡಬೇಕಾಯಿತೆಂದು ವರದಿಯಾಗಿ ದೊಡ್ಡ ಗದ್ದಲವೆದ್ದಿತ್ತು. ಆದರೆ ಈ ವೀಸಾದಲ್ಲಿ ಆಸ್ಪತ್ರೆಯ ವೈದ್ಯರಿದ್ದಾರೆ, ವಿಶ್ವವಿದ್ಯಾಲಯದ ಸಂಶೋಧಕರಿದ್ದಾರೆ, ಕಂಪನಿಗೆ ನೇರವಾಗಿ ಸೇರಿದ ಎಂಜಿನಿಯರುಗಳಿದ್ದಾರೆ. ಎಲ್ಲರನ್ನೂ ‘ಎರವಲು’ ಎಂದರೆ ಅನುವಾದಕನೇ ಒಂದು ಪಕ್ಷ ಹಿಡಿದಂತೆ.

ಇವರನ್ನು ಇಂಗ್ಲಿಷಿನಲ್ಲಿ ‘ಸ್ಕಿಲ್ಡ್‌ ವರ್ಕರ್‌’ ಎನ್ನುವುದುಂಟು, ಅದಕ್ಕೆ ‘ಕುಶಲ’ ಎಂದು ಬರೆಯುವುದರಲ್ಲಿ ಇನ್ನೊಂದು ತೊಡಕು. ನಮ್ಮ ಕನಿಷ್ಠ ವೇತನದ ಅಧಿಸೂಚನೆಗಳಲ್ಲಿ ಕುಶಲ, ಅರೆಕುಶಲ, ಅಕುಶಲ ಎಂಬ ವರ್ಗಗಳಿರುವುದರಿಂದ ‘ಕುಶಲ ಕಾರ್ಮಿಕ’ ಎಂದರೆ ಕಣ್ಣಿಗೆ ಬರುವುದು ಫಿಟ್ಟರು, ವೆಲ್ಡರು. ‘ಕುಶಲಕರ್ಮಿ’ ಎಂದರೆ ಬಡಗಿ, ನೇಕಾರ. ಅಮೆರಿಕದ ಕಾಯ್ದೆ ಕೇಳುವುದು ಕೈಚಳಕವನ್ನಲ್ಲ, ಆಯಾ ವಿಷಯದ ಪದವಿಯನ್ನು. ಇಳಕಲ್ಲಿನ ಮಗ್ಗದ ಮುಂದೆ ನಲವತ್ತು ವರ್ಷ ಕೂತು ಟೋಪಿ ತೆನಿ ಸೆರಗು ನೇಯುವ ಕೈ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ, ಆಗಷ್ಟೇ ಪದವಿ ಮುಗಿಸಿದ ಹುಡುಗ ಬರುತ್ತಾನೆ. ವಿವಾದದ ಒಂದು ತುದಿ ಇಲ್ಲಿಯೇ ಇದೆ: ಕೊಡಬೇಕಾದ ವೇತನದ ನಾಲ್ಕು ಹಂತಗಳಲ್ಲಿ ಕೆಳಗಿನ ಎರಡು ಆ ಪ್ರದೇಶದ ಆ ವೃತ್ತಿಯ ನಡುಮಟ್ಟದ ಸಂಬಳಕ್ಕಿಂತ ಕಡಿಮೆಯಿರುವಾಗ, ಅಪರೂಪದ ಪರಿಣತಿ ಎಂಬ ಮಾತಿಗೆ ಅರ್ಥವೇನು ಎಂದು ಒಂದು ಪಕ್ಷ ಕೇಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್‌ ಶುಲ್ಕ ಹೇರಿದ ಅಧ್ಯಕ್ಷರ ಘೋಷಣೆಯ ಹಿಂದೆಯೂ ಇದೇ ತರ್ಕವಿತ್ತು. ಕಾಯ್ದೆಯ ‘ಸ್ಪೆಷಾಲಿಟಿ ಆಕ್ಯುಪೇಶನ್‌’ ಎಂಬುದಕ್ಕೆ ಸದ್ಯಕ್ಕೆ ನಾನು ‘ವಿಶೇಷ ವಿದ್ಯೆಯ ವೃತ್ತಿ’ ಎಂದು ಬರೆದಿದ್ದೇನೆ. ಇದರಲ್ಲಿ ‘ವಿದ್ಯೆ’ ಇರುವುದರಿಂದ ಪದವಿಯ ಷರತ್ತು ಸೂಚಿತವಾಗುತ್ತದೆಂಬುದು ನನ್ನ ಸಮರ್ಥನೆ.

ತಾತ್ಕಾಲಿಕವಾಗಿ ಬಂದವನು ಕಾಯಂ ವಾಸಕ್ಕೆ ಅರ್ಜಿ ಹಾಕಿದರೂ ಅದನ್ನು ಮೋಸವೆಂದು ಎಣಿಸಬಾರದೆಂಬ ವಿನಾಯಿತಿ ಈ ವೀಸಾಕ್ಕಿದೆ. ಇಂಗ್ಲಿಷಿನಲ್ಲಿ ‘ಡ್ಯುಯಲ್‌ ಇಂಟೆಂಟ್‌’ ಎನ್ನುವ ಇದಕ್ಕೆ ‘ಇಬ್ಬಗೆಯ ಉದ್ದೇಶ’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ‘ಇಬ್ಬಗೆ’ಯಲ್ಲಿ ಕಪಟದ ಛಾಯೆಯಿದೆ. ‘ಉಭಯ ಸಂಕಲ್ಪ’ ಹೇಗೆ? ಪೂಜೆಗೆ ಕೂತವನು ತಾನು ಎಲ್ಲಿದ್ದೇನೆ, ಏತಕ್ಕಾಗಿ ಕೂತಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದೇ ಸಂಕಲ್ಪವಲ್ಲವೇ. ಅಮೆರಿಕದ ಕೆಲವು ದೇವಾಲಯಗಳಲ್ಲಿ ‘ಜಂಬೂದ್ವೀಪೇ’ ಹೋಗಿ ‘ಕ್ರೌಂಚದ್ವೀಪೇ’ ಆಗಿದೆ, ಅದು ಬೇರೆ ಮಾತು.

ಮುಖ್ಯ ಪ್ರಶ್ನೆಗೆ ಮರಳುತ್ತೇನೆ. ‘ತಾತ್ಕಾಲಿಕ’ದ ಬದಲು ‘ವಾಯಿದೆ’ ಎಂದರೆ ಹೇಗೆ? ‘ವಾಯಿದೆ ವೀಸಾ’, ‘ವಾಯಿದೆ ನೌಕರ’. ಗೊತ್ತಾದ ದಿನಾಂಕ ಈ ಪದದ ಅರ್ಥದಲ್ಲೇ ಇದೆ, ‘ತಾತ್ಕಾಲಿಕ’ದಂತೆ ಕೆಲಸದ ಬೆಲೆಯನ್ನು ಇದು ಕಡಿಮೆ ಮಾಡುವುದಿಲ್ಲ, ಕೋರ್ಟಿನಲ್ಲಿ ವಾಯಿದೆ ಕೇಳುತ್ತಾರೆ, ಬೀಳುತ್ತದೆ, ಮತ್ತೆ ಮುಂದಕ್ಕೆ ಹೋಗುತ್ತದೆ, ಹಾಗಾಗಿ ವಿಸ್ತರಣೆಯ ಧ್ವನಿಯೂ ಅದರಲ್ಲಿದೆ. ಸಾಲ ಮತ್ತು ಕಟಕಟೆಯ ನಂಟು ಓದುಗರನ್ನು ಅಡ್ಡದಾರಿಗೆ ಎಳೆಯಬಹುದೆಂಬುದೊಂದೇ ನನ್ನ ಅಳುಕು.

ದಕ್ಷಿಣ ಕನ್ನಡದ ಹಿರಿಯರಲ್ಲಿ ಒಂದು ವಿಶೇಷ ಕೋರಿಕೆ. ಭೂಸುಧಾರಣೆಗೆ ಮುಂಚಿನ ನಿಮ್ಮ ಕಡೆಯ ಗೇಣಿ ವ್ಯವಸ್ಥೆಯಲ್ಲಿ ಕಾಯಮ್ಮಾದ ಮೂಲಗೇಣಿ, ಒಡೆಯನ ಮರ್ಜಿಯ ಚಾಲಗೇಣಿ ಇವುಗಳ ನಡುವೆ, ಗೊತ್ತಾದ ಅವಧಿಯ ವಾಯಿದೆಗೇಣಿ ಇತ್ತು. ಆ ವಾಯಿದೆ ಮುಗಿದಾಗ ಒಕ್ಕಲು ನಿಜವಾಗಿಯೂ ಎದ್ದು ಹೋಗುತ್ತಿತ್ತೇ, ಅಥವಾ ಚೀಟಿ ಬದಲಾಯಿಸಿಕೊಂಡು ಅಲ್ಲೇ ಮುಂದುವರಿಯುವುದು ವಾಡಿಕೆಯಾಗಿತ್ತೇ? ಎರಡನೆಯದಾಗಿದ್ದರೆ ಈ ಪದವನ್ನು ನಾನು ಧೈರ್ಯವಾಗಿ ಬಳಸುತ್ತೇನೆ.