ಏಳು ಜನ, ಒಂದು ಹಡಗು, ಎರಡು ಬಾತ್‌ರೂಮು

ಮೊನ್ನೆ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಮೂರು ಮಕ್ಕಳು, ಊರಿಂದ ಅತ್ತೆ ಮಾವ ಬರುತ್ತಿದ್ದಾರೆ, ರಜೆಗೆ ಕ್ರೂಸ್ ಹೋಗೋಣ ಅಂತ ಹುಡುಕಿದರೆ ಏಳು ಜನಕ್ಕೆ ರೂಮೇ ತೋರಿಸುತ್ತಿಲ್ಲ, ಏನು ಮಾಡೋದು ಅಂತ. ಕೆಳಗೆ ನಾಲ್ಕೈದು ಜನ "ದೊಡ್ಡ ಸೂಟ್ ರೂಮು ತಗೊಂಡುಬಿಡಿ" ಅಂದಿದ್ದಾರೆ. ಸ್ವಲ್ಪ ತಡೆಯಿರಿ, ಆತುರ ಬೇಡ. ನಮ್ಮದೂ ಇದೇ ಏಳು ಜನರ ಲೆಕ್ಕ. ಟೆಕ್ಸಸ್‌ನಲ್ಲಿದ್ದೇವೆ, ಗ್ಯಾಲ್ವೆಸ್ಟನ್ ಬಂದರಿಗೆ ಕಾರಿನಲ್ಲೇ ಹೋಗಬಹುದು. ಎರಡು ಸಲ ಹೋಗಿಬಂದೆವು. ಮೊದಲ ಸಲ ಎಡವಟ್ಟು ಮಾಡಿಕೊಂಡೆವು, ಎರಡನೇ ಸಲ ಸರಿಹೋಯಿತು. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಡಗಿನ ರೂಮುಗಳನ್ನು ಕಟ್ಟುವುದೇ ಇಬ್ಬರಿಗೆ ಅಂತ. ಜಾಹೀರಾತಿನಲ್ಲಿ ಕಾಣುವ ದರವೂ ರೂಮಿಗೆ ಇಬ್ಬರು ಅನ್ನುವ ಲೆಕ್ಕದ್ದು. ಕಿಟಕಿಯಿಲ್ಲದ ಸಾಮಾನ್ಯ ಇನ್‌ಸೈಡ್ ರೂಮು ಸುಮಾರು 160ರಿಂದ 180 ಚದರಡಿ ಇರುತ್ತದೆ. ಹತ್ತಕ್ಕೆ ಹದಿನಾರು ಅಡಿ ಅಂದುಕೊಳ್ಳಿ. ಅದರೊಳಗೇ ಬಾತ್‌ರೂಮು, ಬೀರು, ಮೇಜು, ಎಲ್ಲ. ಮೂರನೆಯವರಿಗೆ ಸೋಫಾ ಬಿಚ್ಚಿ ಹಾಸಿಗೆ ಮಾಡಿಕೊಡುತ್ತಾರೆ. ಇಲ್ಲದಿದ್ದರೆ ಗೋಡೆಯಿಂದಲೋ ಸೂರಿನಿಂದಲೋ ರೈಲಿನ ಅಪ್ಪರ್ ಬರ್ತ್ ತರಹದ್ದು ಇಳಿಯುತ್ತದೆ. ನಾಲ್ಕಕ್ಕೆ ಹೆಚ್ಚುಕಮ್ಮಿ ಮುಗಿಯಿತು. ಐದನೆಯವರು ಬಂದರು ಅಂದರೆ ಹಿಡಿಸುವ ರೂಮು ತುಂಬಾ ಕಮ್ಮಿ, ಮಕ್ಕಳ ಸ್ಪ್ರಿಂಗ್ ಬ್ರೇಕ್, ಕ್ರಿಸ್‌ಮಸ್ ವಾರಗಳಲ್ಲಿ ಅವು ಎಲ್ಲಕ್ಕಿಂತ ಮೊದಲು ಹೋಗಿಬಿಡುತ್ತವೆ.

ಇನ್ನೊಂದು ಕಾರಣ ನನಗೂ ಗೊತ್ತಿರಲಿಲ್ಲ. ಒಂದು ರೂಮಿನಲ್ಲಿ ನಾಲ್ಕು ಹಾಸಿಗೆ ಇದೆ ಅಂತ ಡೆಕ್ ಪ್ಲಾನಿನಲ್ಲೇ (ಡೆಕ್ ಅಂದರೆ ಹಡಗಿನ ಅಂತಸ್ತು, ಅದರ ನಕ್ಷೆ) ಕಾಣುತ್ತಿತ್ತು, ಆದರೆ ಬುಕಿಂಗಿನಲ್ಲಿ ಮೂರಕ್ಕಿಂತ ಜಾಸ್ತಿ ಹಾಕಲು ಬಿಡಲಿಲ್ಲ. ಫೋನ್ ಮಾಡಿ ಕೇಳಿದಾಗ ಏಜೆಂಟ್ ಹೇಳಿದರು: ಪ್ರತಿ ರೂಮಿಗೂ ಒಂದು ಮಸ್ಟರ್ ಸ್ಟೇಷನ್, ಅಂದರೆ ಅಪಾಯ ಬಂದಾಗ ಹೋಗಿ ಸೇರಬೇಕಾದ ಜಾಗ, ಇರುತ್ತದೆ, ಅದಕ್ಕೆ ಸೇರಿದ ಲೈಫ್‌ಬೋಟಿನಲ್ಲಿ ಇಷ್ಟೇ ಜನ ಅಂತ ಮಿತಿ ಇರುತ್ತದೆ. ಅಕ್ಕಪಕ್ಕದ ರೂಮುಗಳಲ್ಲಿ ಮೂರು ನಾಲ್ಕು ಜನ ತುಂಬಿಕೊಂಡರೆ ನಿಮ್ಮ ರೂಮಿನ ನಾಲ್ಕನೇ ಹಾಸಿಗೆ ಖಾಲಿಯೇ ಹೋಗಬೇಕು. ಹಾಸಿಗೆ ಇದ್ದರೆ ಸಾಲದು, ದೋಣಿಯಲ್ಲಿ ಜಾಗ ಇರಬೇಕು. ಹಾಗಾಗಿ "ಈಗ ನಾಲ್ವರಿಗೆ ಬುಕ್ ಮಾಡಿ, ಆಮೇಲೆ ಐದನೆಯವರನ್ನು ಸೇರಿಸಿದರಾಯಿತು" ಅಂತ ಮಾತ್ರ ಮಾಡಬೇಡಿ. ಎಲ್ಲರ ಹೆಸರೂ ಮೊದಲ ದಿನವೇ ಹೋಗಲಿ.

ನಮ್ಮ ಮೊದಲ ಸಲದ ಕಥೆ ಕೇಳಿ. ನಾವಿಬ್ಬರು, ಮೂರು ಮಕ್ಕಳು, ಐದು ಜನ ಒಂದೇ ರೂಮು. ಅತ್ತೆ ಮಾವನಿಗೆ ಇನ್ನೊಂದು. ದುಡ್ಡು ಉಳಿಸುವ ಆಸೆಗೆ ಅವರದ್ದು ಗ್ಯಾರಂಟಿ ರೂಮು ತಗೊಂಡೆ. ಅಂದರೆ ರೂಮಿನ ದರ್ಜೆ ಮಾತ್ರ ನಮ್ಮ ಆಯ್ಕೆ, ನಂಬರ್ ಕಂಪನಿಯವರು ಕೊಟ್ಟಿದ್ದು. ಕೊನೆಗೆ ಬಂದಿದ್ದು ನಮಗಿಂತ ಐದು ಡೆಕ್ ಕೆಳಗೆ. ನಾವು ಹಡಗಿನ ಮೂತಿಯಲ್ಲಿ, ಅವರು ಬಾಲದಲ್ಲಿ. ತಪ್ಪು ನನ್ನದೇ, ಷರತ್ತಿನಲ್ಲಿ ಬರೆದಿತ್ತು, ಓದಲಿಲ್ಲ.

ಎರಡನೇ ರಾತ್ರಿ ಊಟ ಮುಗಿಸಿ ಮಾವ "ನಾನು ಹೋಗಿ ಮಲಗ್ತೀನಿ" ಅಂತ ಒಬ್ಬರೇ ಹೊರಟರು. ಹಡಗಿನ ಕಾರಿಡಾರು ನೋಡಿದವರಿಗೆ ಗೊತ್ತು. ಉದ್ದಕ್ಕೂ ಒಂದೇ ಬಣ್ಣದ ಕಾರ್ಪೆಟ್ಟು, ಒಂದೇ ತರಹದ ಬಾಗಿಲು, ಕೊನೆಯೇ ಕಾಣುವುದಿಲ್ಲ. ರೂಮ್ ನಂಬರಿನ ಮೊದಲ ಅಂಕೆ ಡೆಕ್ಕಿನದು. ಅವರು ಕೊನೆಯ ಮೂರು ಅಂಕೆ ಮಾತ್ರ ನೆನಪಿಟ್ಟುಕೊಂಡಿದ್ದರು. ಬೇರೆ ಡೆಕ್ಕಿನಲ್ಲಿ ಅದೇ ಮೂರು ಅಂಕೆಯ ಬಾಗಿಲ ಮುಂದೆ ನಿಂತು ಕಾರ್ಡ್ ಉಜ್ಜಿದ್ದೇ ಉಜ್ಜಿದ್ದು. ಒಳಗಿನಿಂದ ಟವೆಲ್ ಸುತ್ತಿಕೊಂಡ ಒಬ್ಬ ಬಾಗಿಲು ತೆಗೆದನಂತೆ. ಮಾವ "ಸಾರಿ ಸಾರಿ" ಅಂತ ಹಿಂದೆ ಹಿಂದೆ ಬಂದರಂತೆ. ನಮಗೆ ಫೋನ್ ಮಾಡೋಣ ಅಂದರೆ ಅವರ ಮೊಬೈಲಿಗೆ ಸಮುದ್ರದ ನಡುವೆ ಸಿಗ್ನಲ್ ಎಲ್ಲಿಂದ ಬರಬೇಕು? ಮುಕ್ಕಾಲು ಗಂಟೆ ಕಳೆದ ಮೇಲೆ ರೂಮು ನೋಡಿಕೊಳ್ಳುವ ಸ್ಟೀವರ್ಡ್ ಒಬ್ಬರು ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟರು. "ಹಾಸನದ ಬಸ್ ಸ್ಟ್ಯಾಂಡಲ್ಲಿ ಒಂದು ದಿನಾನೂ ತಪ್ಪಿಸಿಕೊಂಡವನಲ್ಲ ನಾನು" ಅಂತ ಮಾರನೇ ದಿನವೆಲ್ಲ ಹೇಳಿಕೊಂಡರು.

ಇತ್ತ ನಮ್ಮ ರೂಮಿನಲ್ಲಿ ಐದು ಜನಕ್ಕೆ ಒಂದು ಬಾತ್‌ರೂಮು. ಮೆಕ್ಸಿಕೋದ ಕೊಝುಮೆಲ್‌ನಲ್ಲಿ ಹಡಗು ನಿಂತ ದಿನ ಬೆಳಿಗ್ಗೆ ಎಂಟಕ್ಕೆ ಇಳಿಯಬೇಕಿತ್ತು. ದೊಡ್ಡವಳು ಒಳಗೆ ಸೇರಿಕೊಂಡಿದ್ದಾಳೆ, ಚಿಕ್ಕವನು ಬಾಗಿಲ ಹೊರಗೆ ಕಾಲು ಕಾಲು ಕುಟ್ಟುತ್ತಿದ್ದಾನೆ, ಮಂಚಕ್ಕೂ ಸೋಫಾಕ್ಕೂ ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಹಾಸಿಗೆ ಹತ್ತಿಯೇ ದಾಟಬೇಕು. ನಮ್ಮನೆಯವರು ಕೊನೆಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಐದು ಡೆಕ್ ಇಳಿದು ಅಪ್ಪನ ರೂಮಿಗೆ ಸ್ನಾನಕ್ಕೆ ಹೋದರು. ಆವತ್ತೇ ತೀರ್ಮಾನ ಮಾಡಿದೆ, ಮುಂದಿನ ಸಲ ಸಮುದ್ರ ಕಾಣದಿದ್ದರೂ ಪರವಾಗಿಲ್ಲ, ಪಕ್ಕದಲ್ಲೇ ಎರಡನೇ ಬಾತ್‌ರೂಮು ಬೇಕು ಅಂತ.

ಹಾಗಂತ ಐದಾರು ಜನ ಹಿಡಿಸುವ ರೂಮು ಇಲ್ಲವೇ ಇಲ್ಲ ಅಂತಲ್ಲ. ಡಿಸ್ನಿ ಹಡಗುಗಳಲ್ಲಿ ಐದು ಜನರ ಫ್ಯಾಮಿಲಿ ರೂಮು ಉಂಟು. ಅವರ ಜಾಣತನ ಏನೆಂದರೆ ಬಾತ್‌ರೂಮನ್ನೇ ಎರಡು ಭಾಗ ಮಾಡಿರುತ್ತಾರೆ. ಒಂದರಲ್ಲಿ ಟಾಯ್ಲೆಟ್ಟು, ಸಿಂಕು. ಇನ್ನೊಂದರಲ್ಲಿ ಸ್ನಾನದ ಜಾಗ, ಅಲ್ಲೂ ಒಂದು ಸಿಂಕು. ಬೆಲೆ ಮಾತ್ರ ಡಿಸ್ನಿ ಬೆಲೆಯೇ. ಕಾರ್ನಿವಲ್ ಕಂಪನಿಯ ಡ್ರೀಮ್, ಮ್ಯಾಜಿಕ್, ಬ್ರೀಝ್ ಹಡಗುಗಳಲ್ಲಿ ಕಿಟಕಿ ಇರುವ ಡಿಲಕ್ಸ್ ಓಷನ್ ವ್ಯೂ ರೂಮುಗಳಿವೆ. ಐದು ಜನ, ಎರಡು ಬಾತ್‌ರೂಮು, ಬಾಲ್ಕನಿ ಇಲ್ಲ. ಐದೇ ಜನರ ಸಂಸಾರಕ್ಕೆ ನಾನು ಮೊದಲು ಹುಡುಕುವುದು ಇದನ್ನೇ, ಯಾಕೋ ಜನ ಇದನ್ನು ಗಮನಿಸುವುದೇ ಕಮ್ಮಿ. ರಾಯಲ್ ಕೆರಿಬಿಯನ್ ಕಂಪನಿಯ 2024ರ ಐಕಾನ್ ಆಫ್ ದ ಸೀಸ್‌ನಲ್ಲಿ ಮಕ್ಕಳಿಗೆ ಬೇರೆ ಬಂಕ್ ಮೂಲೆ ಇರುವ ಆರು ಜನರ ಬಾಲ್ಕನಿ ರೂಮು ಇದೆ. ಅದೇ ಹಡಗಿನಲ್ಲಿ ಮೂರು ಅಂತಸ್ತಿನ ಮನೆಯಂಥದ್ದೂ ಒಂದಿದೆ, ಒಳಗೇ ಜಾರುಬಂಡೆ! ನಮ್ಮ ಮಕ್ಕಳು ಅದರ ವಿಡಿಯೋ ನೋಡಿ ಬಾಯಿ ಬಿಟ್ಟರು, ನಾನು ಬೆಲೆ ನೋಡಿ ಬಾಯಿ ಬಿಟ್ಟೆ. ಎಂಎಸ್‌ಸಿ ಕಂಪನಿಯ ಮೆರಾವಿಲ್ಯಾ ತರಹದ ಹಡಗುಗಳಲ್ಲಿ ಎರಡು ಮೂರು ರೂಮುಗಳನ್ನು ಒಳಗಿನಿಂದಲೇ ಸೇರಿಸಿ ಹತ್ತು ಜನರವರೆಗೆ ಕೊಡುತ್ತಾರೆ. ಅಣ್ಣ ತಮ್ಮಂದಿರ ಎರಡು ಸಂಸಾರ ಒಟ್ಟಿಗೆ ಹೋಗುವುದಾದರೆ ಅದನ್ನು ವಿಚಾರಿಸಿ.

ಆದರೆ ಏಳು ಜನಕ್ಕೆ ನನ್ನ ಉತ್ತರ ಒಂದೇ, ಎರಡು ಸಾದಾ ರೂಮು, ನಡುವೆ ಬಾಗಿಲು. ಇದಕ್ಕೆ ಕನೆಕ್ಟಿಂಗ್ ಅನ್ನುತ್ತಾರೆ. ಅಡ್ಜಾಯಿನಿಂಗ್ ಅಂದರೆ ಬರೀ ಅಕ್ಕಪಕ್ಕ, ನಡುವೆ ಬಾಗಿಲು ಇರುವುದಿಲ್ಲ. ಫೋನಿನಲ್ಲಿ ಈ ಎರಡು ಮಾತು ಅದಲು ಬದಲಾಗಿ ಮೋಸ ಹೋದವರು ನಮ್ಮ ಸ್ನೇಹಿತರಲ್ಲೇ ಇದ್ದಾರೆ. ಡೆಕ್ ಪ್ಲಾನಿನಲ್ಲಿ ಎರಡು ರೂಮಿನ ನಡುವೆ ಸಣ್ಣ ಗುರುತು ಇರುತ್ತದೆ, ಕಣ್ಣಾರೆ ನೋಡಿ, ನಂಬರ್ ಬರೆದುಕೊಂಡು, ಎರಡನ್ನೂ ಒಂದೇ ಕರೆಯಲ್ಲಿ ಹಿಡಿಸಿ. ಒಂದು ಹಿಡಿದು ಇನ್ನೊಂದಕ್ಕೆ ಸಂಜೆ ನೋಡೋಣ ಅಂದರೆ ಅಷ್ಟರಲ್ಲಿ ಯಾರೋ ತಗೊಂಡಿರುತ್ತಾರೆ. ಆಮೇಲೆ ಆ ಬಾಗಿಲಿನ ಸಂದಿಯಿಂದ ಅವರ ಟಿವಿ ಏಳು ರಾತ್ರಿ ನಿಮಗೆ ಕೇಳಿಸುತ್ತದೆ.

ಕನೆಕ್ಟಿಂಗ್ ಸಿಗದಿದ್ದರೆ ಎದುರು ಬದುರು ನೋಡಿ, ಒಂದು ಬಾಲ್ಕನಿ, ಕಾರಿಡಾರಿನ ಆಚೆ ಒಂದು ಇನ್‌ಸೈಡ್. ಎಲ್ಲರೂ ಬಾಲ್ಕನಿಯಲ್ಲಿ ಕೂತುಕೊಳ್ಳಬಹುದು, ಮಲಗುವುದಕ್ಕೆ ಮಾತ್ರ ಆಚೆ ಹೋದರಾಯಿತು. ಅಜ್ಜಿ ತಾತ ಜೊತೆಗಿಲ್ಲದೆ ಬರೀ ಐದು ಜನ ಹೋಗುವವರಿಗೆ ಇನ್ನೊಂದು ಮಾತು. ಅಮೆರಿಕದಿಂದ ಹೊರಡುವ ಹಡಗುಗಳಲ್ಲಿ ಸಾಮಾನ್ಯವಾಗಿ ಪ್ರತಿ ರೂಮಿನಲ್ಲೂ 21 ದಾಟಿದವರು ಒಬ್ಬರು ಇರಬೇಕು. ಅದಕ್ಕೆ ಕಾಗದದ ಮೇಲೆ ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅಮ್ಮ ಅಂತ ಹಂಚಿ ಬುಕ್ ಮಾಡುತ್ತಾರೆ. ಹತ್ತಿದ ಮೇಲೆ ಗೆಸ್ಟ್ ಸರ್ವಿಸಸ್ ಕೌಂಟರಿನಲ್ಲಿ ಕೇಳಿದರೆ ಎರಡೂ ರೂಮಿನ ಕೀ ಕಾರ್ಡ್ ಮಾಡಿಕೊಡುತ್ತಾರೆ. ಯಾರು ಎಲ್ಲಿ ಮಲಗುತ್ತೀರಿ ಅನ್ನುವುದು ಆಮೇಲೆ ನಿಮ್ಮ ಮನೆ ವಿಷಯ.

ದುಡ್ಡಿನ ಲೆಕ್ಕ ಎರಡೂ ತರಹ ಹಾಕಿ ನೋಡಿ. ಪ್ರತಿ ರೂಮಿನ ಮೊದಲ ಇಬ್ಬರಿಗೆ ಪೂರ್ತಿ ದರ, ಮೂರನೇ ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಮ್ಮಿ. ನಮ್ಮದು ಮೂರು ಮತ್ತು ನಾಲ್ಕು ಅಂತ ಹಂಚಿದ್ದು, ಒಂದು ದೊಡ್ಡ ಸೂಟಿಗಿಂತ ಅಗ್ಗವಾಯಿತು. ಆದರೆ ಟ್ಯಾಕ್ಸು, ಬಂದರಿನ ಶುಲ್ಕ, ಟಿಪ್ಸ್ ತಲೆ ಲೆಕ್ಕ, ನಾಲ್ಕು ವರ್ಷದ ಮಗುವಿಗೂ ಬಿಡುವುದಿಲ್ಲ. ಟಿಪ್ಸ್ ದಿನಕ್ಕೆ 17 ಡಾಲರ್ ಅಂತ ಹಿಡಿದರೂ ಏಳು ಜನ, ಏಳು ರಾತ್ರಿ, 833 ಡಾಲರ್. ಇದು ಮೊದಲು ಕಾಣುವ ಬೆಲೆಯಲ್ಲಿ ಇರುವುದಿಲ್ಲ.

ರೂಮು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಇದ್ದಷ್ಟೂ ಅಲುಗಾಟ ಕಮ್ಮಿ. ವಯಸ್ಸಾದವರಿಗೆ ಅದು ಮುಖ್ಯ. ತಲೆಯ ಮೇಲೆ ಈಜುಕೊಳದ ಡೆಕ್ ಬರದ ಹಾಗೆ ನೋಡಿಕೊಳ್ಳಿ, ಬೆಳಗಿನ ಜಾವವೇ ಕುರ್ಚಿ ಎಳೆಯಲು ಶುರು ಮಾಡುತ್ತಾರೆ.

ವೀಸಾ ವಿಷಯ ರೂಮಿಗಿಂತ ಮೊದಲೇ ನೋಡಿ. ಭಾರತದ ಪಾಸ್‌ಪೋರ್ಟ್, ಅಮೆರಿಕದ ಮಲ್ಟಿಪಲ್ ಎಂಟ್ರಿ ವಿಸಿಟರ್ ವೀಸಾ ಇರುವ ಹಿರಿಯರಿಗೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಅಲಾಸ್ಕಾ ಮಾತ್ರ ಬೇರೆ ಕಥೆ. ಸಿಯಾಟಲ್‌ನಿಂದ ಹತ್ತಿ ಸಿಯಾಟಲ್‌ಗೇ ಇಳಿದರೂ ನಡುವೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲಿಸುತ್ತಾರೆ. ವಿದೇಶಿ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಜನ ಸಾಗಿಸಬಾರದು ಅನ್ನುವ 1886ರ ಕಾನೂನು ಅದಕ್ಕೆ ಕಾರಣ. ಹಾಗಾಗಿ ಅತ್ತೆ ಮಾವನಿಗೆ ಕೆನಡಾ ವೀಸಾ ಬೇಕಾಗುತ್ತದೆ. ಎಚ್-1ಬಿ ಕೆಲಸದ ವೀಸಾದಲ್ಲಿದ್ದು ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನ ಅವಧಿ ಮುಗಿದವರು ಬಹಾಮಾಸ್ ಕಡೆ ಹೋಗುವ ಮುಂಚೆ ವಕೀಲರನ್ನು ಕೇಳಿ. ಅವಧಿ ಮುಗಿದ ಸ್ಟ್ಯಾಂಪಿನಲ್ಲೇ ಮೆಕ್ಸಿಕೋ, ಕೆನಡಾಗೆ 30 ದಿನದೊಳಗೆ ಹೋಗಿಬರುವುದಕ್ಕೆ ಇರುವ ರಿಯಾಯಿತಿ ನಿಮಗೆ ಆ ದ್ವೀಪಗಳಿಗೆ ಇಲ್ಲ.

ಊಟದ ಚಿಂತೆ ಅಷ್ಟು ಬೇಡ. ಕಾರ್ನಿವಲ್‌ನ ದೊಡ್ಡ ಊಟದ ಹಾಲ್‌ನಲ್ಲಿ ಇಂಡಿಯನ್ ವೆಜಿಟೇರಿಯನ್ ಅಂತ ಕೇಳಿದರೆ ಕೊಡುತ್ತಾರೆ, ಬೇರೆ ದೊಡ್ಡ ಕಂಪನಿಗಳಲ್ಲೂ ಮೊದಲೇ ಹೇಳಿಟ್ಟರೆ ಮಾಡಿಕೊಡುವುದುಂಟು. ಅನ್ನ ಸಾರಿನ ರುಚಿ ನಿರೀಕ್ಷೆ ಮಾಡಬೇಡಿ, ಹೊಟ್ಟೆ ತುಂಬುತ್ತದೆ. ಆದರೆ ಕೆಟಲ್, ರೈಸ್ ಕುಕ್ಕರ್ ಸೂಟ್‌ಕೇಸಿಗೆ ಹಾಕಬೇಡಿ. ನಮ್ಮತ್ತೆ ಬಿಸಿನೀರಿಗೆ ಅಂತ ಸೀರೆಯೊಳಗೆ ಸುತ್ತಿಟ್ಟ ಪುಟ್ಟ ಕೆಟಲ್ ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿಬಿತ್ತು. ಸೂಟ್‌ಕೇಸು ರೂಮಿಗೆ ಬರಲೇ ಇಲ್ಲ, ಕರೆಸಿ, ಬಿಚ್ಚಿಸಿ, ರಸೀದಿ ಕೊಟ್ಟರು. ಕೊನೆಯ ದಿನ ವಾಪಸ್ ಬಂತು. ಬದಲಿಗೆ ಒಂದು ಡಜನ್ ಮ್ಯಾಗ್ನೆಟ್ ಕೊಕ್ಕೆ ತಗೊಂಡು ಹೋಗಿ. ರೂಮಿನ ಗೋಡೆ ಕಬ್ಬಿಣದ್ದು, ಟೋಪಿ, ಒದ್ದೆ ಬಟ್ಟೆ, ಬ್ಯಾಗು ಎಲ್ಲ ನೇತುಹಾಕಬಹುದು.

ಎರಡನೇ ಸಲ ನಾವು ಹಂಚಿಕೊಂಡಿದ್ದು ಹೀಗೆ. ಒಂದು ಕಡೆ ನಾವಿಬ್ಬರು, ಚಿಕ್ಕವನು. ಇನ್ನೊಂದು ಕಡೆ ಅತ್ತೆ, ಮಾವ, ಎಂಟು ಮತ್ತು ಹನ್ನೊಂದು ವರ್ಷದ ಹೆಣ್ಣುಮಕ್ಕಳು ಮೇಲಿನ ಬರ್ತ್‌ಗಳಲ್ಲಿ. ವೈಫೈ ಪ್ಯಾಕೇಜ್ ಬೇಕೆಂದೇ ತಗೊಳ್ಳಲಿಲ್ಲ. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದರೆ ಇವರು ಇಂಗ್ಲಿಷಿನಲ್ಲಿ ಉತ್ತರ ಕೊಡುವವರು, ನಿಮ್ಮ ಮನೆಯಲ್ಲೂ ಹಾಗೇ ಅಲ್ವಾ? ಮೂರನೇ ರಾತ್ರಿ ನಡುವಿನ ಬಾಗಿಲಿನಿಂದ ಇಣುಕಿದರೆ ಎರಡು ಮಂಚದ ನಡುವಿನ ಇಷ್ಟಗಲ ಜಾಗದಲ್ಲಿ ಕಾಗದದ ಮೇಲೆ ಚೌಕಾಬಾರದ ಮನೆ ಬರೆದು ಕೂತಿದ್ದಾರೆ. ಕವಡೆ ಅತ್ತೆ ಊರಿಂದಲೇ ತಂದಿದ್ದು. ಚಿಕ್ಕವಳಿಗೆ ಚೌಕ ಬಿತ್ತು. ಅತ್ತೆ "ಅದು ಹಡಗು ಅಲುಗಾಡಿದ್ದಕ್ಕೆ ಬಿದ್ದಿದ್ದು, ಲೆಕ್ಕಕ್ಕಿಲ್ಲ" ಅಂದರು. ಅವಳು ಬಿಡುತ್ತಾಳಾ? "ಅಜ್ಜಿ, ನೀನು ಮೋಸ ಮಾಡ್ತಾ ಇದೀಯ!" ಜಗಳ ಪೂರ್ತಿ ಕನ್ನಡದಲ್ಲೇ ನಡೆಯಿತು. ಮಾವ ಗೋಡೆ ಕಡೆ ತಿರುಗಿ ಮಲಗಿದ್ದರು. ಆ ಸಲ ಅವರು ಒಂದು ರಾತ್ರಿಯೂ ದಾರಿ ತಪ್ಪಲಿಲ್ಲ.

ಕೇಳಿದವರು ಯಾವ ಬಂದರು, ಯಾವ ತಾರೀಖು ಅಂತ ಕೆಳಗೆ ಹಾಕಿ. ಕ್ರಿಸ್‌ಮಸ್ ವಾರವೇ ಆದರೆ ಇವತ್ತೇ ಹಾಕಿ. ಸುಮ್ನೆ ಕೂತಾಗ ಡೆಕ್ ಪ್ಲಾನ್ ನೋಡುವ ಹುಚ್ಚು ನನಗಿದೆ, ಬಾಗಿಲಿನ ಗುರುತು ಎಲ್ಲಿದೆ ಅಂತ ಹುಡುಕಿ ಹೇಳುತ್ತೇನೆ.